ಗಾದಿಯ ಮೇಲೆ ನಾಟ್ಯ

ನನ್ನ ಮಗಳಿಗೆ ಸದ್ದಿಲ್ಲದೆ ಕುಣಿಯುವುದನ್ನು ಕಲಿಸಿದವನು ನಾನು. ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆಯೆಂದೇ ತಿಳಿಯಿರಿ. ನನಗೆ ನಾಟ್ಯದ ಗಂಧಗಾಳಿಯಿಲ್ಲ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ, ಮಾತ್ರೆಗಳು ನೀರಿನಲ್ಲಿ ಕರಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತ ಕೂರುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಒಂದು ಮಾತ್ರೆಯೂ ಕರಗುವಾಗ ಸದ್ದು ಮಾಡಿಲ್ಲ. ಸಭ್ಯತೆ ಎಂದರೆ ಇದೇ ಎಂದು ನಾನು ನಂಬಿಬಿಟ್ಟಿದ್ದೆ.

ಮಲ್ಕಾಜ್‌ಗಿರಿಯಲ್ಲಿ ಮಹಡಿಯ ಮೇಲಿನ ಮನೆ ನಮ್ಮದು, ಬಾಡಿಗೆಯದು. ಕೆಳಗಿನ ಮನೆಯಲ್ಲಿ ಸತ್ತಯ್ಯನವರು ಮಗ-ಸೊಸೆಯ ಜೊತೆ ಇದ್ದಾರೆ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ರಾಯಚೂರು ಕಡೆಯ ನಮಗೆ ಆ ಹೆಸರೇ ಮೊದಲ ತೊಡಕಾಯಿತು. ತೆಲುಗಿನಲ್ಲಿ ಸತ್ಯದಿಂದ ಹುಟ್ಟಿದ ಒಳ್ಳೆಯ ಹೆಸರು. ಕನ್ನಡದ ಕಿವಿಗೆ ಬಿದ್ದೊಡನೆ ಸ್ನಾನ ಮಾಡಬೇಕೆನಿಸುತ್ತದೆ. "ಬದುಕಿದ್ದವರನ್ನ ಹಂಗ ಹೆಂಗ ಕರೀಲಿಕ್ಕೆ ಬರ್ತೈತ್ರಿ?" ಎಂದ ನನ್ನ ಹೆಂಡತಿ ಶೋಭಾ, ಅವರನ್ನು 'ಕೆಳಗಿನ ಮನಿ ಅಜ್ಜಾರು' ಎಂದೇ ಕರೆಯತೊಡಗಿದಳು. ನಾನಂತೂ ಕರೆಯುವ ಗೋಜಿಗೇ ಹೋಗಲಿಲ್ಲ. ಗೇಟಿನ ಹತ್ತಿರ ಎದುರಾದರೆ ಒಂದು ನಮಸ್ಕಾರ, ಅಷ್ಟೆ. ಗಂಟು ಹಾಕಿದಂತಿರುವ ಅವರ ಹುಬ್ಬು ನೋಡಿದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

ನಮ್ಮ ಮೈತ್ರಿಗೆ ಒಂಬತ್ತು ವರ್ಷ. ಮೂರು ವರ್ಷದಿಂದ ಕೂಚಿಪೂಡಿ ಕಲಿಯುತ್ತಿದ್ದಾಳೆ. ಈ ಸಲ ಅವಳ ಟೀಚರು, ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗೆ ತಮ್ಮ ಶಾಲೆಯಿಂದ ಇವಳೊಬ್ಬಳನ್ನೇ ಆರಿಸಿದರು. ಕೈಯಲ್ಲಿದ್ದದ್ದು ಐದು ವಾರ. ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ನಮ್ಮ ಪಡಸಾಲೆಯಲ್ಲಿ ಧಿಂ ಧಿಂ ಶುರುವಾಯಿತು. ಫೋನಿನಲ್ಲಿ ಹಾಡು ಸಣ್ಣಗೆ, ನೆಲದ ಮೇಲೆ ಪಾದಗಳು ಜೋರಾಗಿ.

ಒಂಬತ್ತನೆಯ ದಿನ ಕೆಳಗಿನಿಂದ ಠಕ್ ಠಕ್ ಎಂದು ಎರಡು ಪೆಟ್ಟು ಕೇಳಿದವು. ಯಾರೋ ಕೋಲಿನಿಂದ ತಮ್ಮ ಚಾವಣಿಯನ್ನು, ಎಂದರೆ ನಮ್ಮ ನೆಲವನ್ನು, ಕುಟ್ಟಿದ್ದರು. ಮರುದಿನವೂ ಅದೇ. ಬಾಡಿಗೆದಾರನ ಎದೆ ಮೊಲದ ಎದೆ. ಅಜ್ಜ ಮಾಲೀಕರಿಗೆ ಹೇಳುತ್ತಾರೆ, ಮಾಲೀಕರು ಮನೆ ಬಿಡಿ ಎನ್ನುತ್ತಾರೆ, ಮತ್ತೆ ಹೊಸ ಮನೆ, ಹೊಸ ಶಾಲೆ. ಠಕ್ ಠಕ್ ನಿಲ್ಲುವುದರೊಳಗೆ ನಾನು ಮನಸ್ಸಿನಲ್ಲಿ ಅರ್ಧ ಸಾಮಾನು ಕಟ್ಟಿಯಾಗಿತ್ತು.

ಆಗ ಹೊಳೆದದ್ದು ಗಾದಿ. ಹಾಸಿಗೆಯ ಮೇಲಿನ ಹತ್ತಿಯ ಗಾದಿಯನ್ನು ಎಳೆದು ತಂದು ಪಡಸಾಲೆಯಲ್ಲಿ ಹಾಸಿ, ಮೇಲೊಂದು ಜಮಖಾನ ಹೊದಿಸಿ, "ಇದರ ಮ್ಯಾಲ ಮಾಡು, ಹಗೂರ ಹೆಜ್ಜಿ ಹಾಕು" ಎಂದೆ. ಮೈತ್ರಿ ಮಾಡಿದಳು. ಒಂದಿಷ್ಟೂ ಸದ್ದಿಲ್ಲ! ಕೆಳಗಿನ ಕೋಲೂ ಸುಮ್ಮನಾಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಇನ್ನೊಂದು ಕಪ್ ಚಹಾ ಕುಡಿದೆ.

ಆ ದಿನಗಳಲ್ಲಿ ನಟರಾಜನ ಬಗ್ಗೆ ಬಹಳ ಯೋಚಿಸಿದೆ. ಶಿವನ ತಾಂಡವವನ್ನು ದೇವತೆಗಳೆಲ್ಲ ಕೊಂಡಾಡಿದ್ದಾರೆ, ಆದರೆ ಅವರೆಲ್ಲ ಆಕಾಶದಲ್ಲಿ ನಿಂತು ನೋಡಿದವರು. ಕಾಲ ಕೆಳಗೆ ಮಲಗಿರುವ ಅಪಸ್ಮಾರನ ಅಭಿಪ್ರಾಯವನ್ನು ಯಾವ ಪುರಾಣವೂ ಕೇಳಿದಂತಿಲ್ಲ. ಕೆಳಗಿನ ಮನೆಯವನೆಂದರೆ ಅವನೇ ತಾನೆ?

ನಾಲ್ಕು ದಿನ ಕಳೆದವು. ಶನಿವಾರ ತರಗತಿಯಿಂದ ಮೈತ್ರಿ ಅಳುತ್ತ ಬಂದಳು. ಶೋಭಾ ಟೀಚರಿಗೆ ಫೋನು ಮಾಡಿದಳು. ಅವರು ತೆಲುಗಿನಲ್ಲಿ ಹೇಳಿದ್ದಿಷ್ಟು: ಹುಡುಗಿಯ ಕಾಲು ನೆಲಕ್ಕೆ ಹೆದರುತ್ತಿದೆ; ಪ್ರತಿ ಹೆಜ್ಜೆಯೂ ಭೂಮಿಯ ಕ್ಷಮೆ ಕೇಳುವಂತಿದೆ; ಬರುವ ಶನಿವಾರದೊಳಗೆ ಸರಿಯಾಗದಿದ್ದರೆ ಬೇರೆ ಮಗುವನ್ನು ಕಳಿಸಬೇಕಾಗುತ್ತದೆ.

"ಪಪ್ಪಾ, ನೀನ ಹೇಳಿದ್ದಿ ಹಗೂರ ಹಾಕು ಅಂತ" ಎಂದಳು ಮೈತ್ರಿ. ಬಯ್ಯಲಿಲ್ಲ, ಸುಮ್ಮನೆ ಹೇಳಿದಳು. ಬಯ್ದಿದ್ದರೆ ಚೆನ್ನಾಗಿತ್ತು. ಗೇಟು ಸದ್ದಾಗದಂತೆ ತೆರೆಯುವುದು, ಸೀನು ಬಂದರೆ ಕರ್ಚೀಫಿನೊಳಗೆ ಮುಗಿಸುವುದು, ಇದೆಲ್ಲ ನನ್ನ ನಡಿಗೆ. ಅದನ್ನು ಅವಳ ಕಾಲಿಗೆ ಕಟ್ಟಿಬಿಟ್ಟಿದ್ದೆ.

ಶೋಭಾ ಒಂದು ತಟ್ಟೆಯಲ್ಲಿ ನಾಲ್ಕು ಶೇಂಗಾ ಹೋಳಿಗೆ ಇಟ್ಟು ನನ್ನ ಕೈಗೆ ಕೊಟ್ಟಳು. "ಕೆಳಗ ಹೋಗಿ ಕೇಳ್ಕೊಂಡು ಬರ್ರಿ. ಇನ್ನ ಮೂರು ವಾರ ಸಹಿಸ್ಕೋರಿ ಅಂತ ಹೇಳ್ರಿ. ಅವರೇನು ಹುಲಿ ಅಲ್ಲ."

ಹುಲಿಯೇ ಬಾಗಿಲು ತೆರೆಯಿತು. ನಾನು ಹಿಂದಿಯಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತನ್ನು ಆರಂಭಿಸುವ ಮೊದಲೇ ಸತ್ತಯ್ಯನವರು ಕನ್ನಡದಲ್ಲಿ ಕೇಳಿದರು, "ಪಾಪಗೆ ಆರಾಮ ಐತಿಲ್ರಿ ಸಾರ್? ನಾಲ್ಕು ದಿನ ಆತು, ಡ್ಯಾನ್ಸ್ ಬಂದ್ ಐತಿ."

ವಾಡಿ ಜಂಕ್ಷನ್ನಿನಲ್ಲಿ ಹತ್ತು ವರ್ಷ ಇದ್ದರಂತೆ, ಕನ್ನಡ ಅಲ್ಲಿಯದು. ನಾಲ್ಕು ವರ್ಷ ಒಂದೇ ಗೇಟು ಬಳಸಿದ ನನಗೆ ಅದು ಗೊತ್ತಿರಲಿಲ್ಲ.

"ನೀವು ಕೋಲಿನಿಂದ ಕುಟ್ಟಿದ್ರಲ್ಲ... ತ್ರಾಸ ಆಗಾಕತ್ತೈತಿ ಅಂತ..." ಎಂದೆ.

"ತ್ರಾಸ? ಅರೆ, ಒಂದು ಹೆಜ್ಜಿ ಕಮ್ಮಿ ಬೀಳಾಕತ್ತಿತ್ತು, ಅದಕ್ಕ ಕುಟ್ಟಿದೆ! ಮ್ಯಾಲ ಬಂದು ಹೇಳೋಣಂದ್ರ ಈ ಮೊಣಕಾಲು ಮೆಟ್ಟಲು ಹತ್ತಂಗಿಲ್ಲ."

ಅವರು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದರು. ಒಂದೇ ನಡೆ ನಾಲ್ಕು ಸುತ್ತು ಬರುತ್ತದೆ. ಒಂದು, ಎರಡು, ನಾಲ್ಕನೆಯ ಸುತ್ತು ಸಮ. ಮೂರನೆಯದರಲ್ಲಿ ಮಾತ್ರ ಕೊನೆಗೆ ಒಂದು ಪೆಟ್ಟು ಇಲ್ಲ. "ನನಗ ಡ್ಯಾನ್ಸ್ ತಿಳಿಯಂಗಿಲ್ರಿ. ಮೂವತ್ತು ವರ್ಷ ಗಾಡಿ ಹಿಂದಿನ ಡಬ್ಬಿದಾಗ ಕೂತೀನಿ. ಚಕ್ರದ ಸದ್ದು ಒಂದು ತಪ್ಪಿದ್ರ ನಿದ್ದಿ ಹಾರಿಹೋಗ್ತಿತ್ತು. ಅದ ಚಟ."

ಮರುದಿನ ಗಾದಿ ಹಾಸಿಗೆಯ ಕೋಣೆಗೆ ಮರಳಿತು. ಮೈತ್ರಿ ಬರಿ ನೆಲದ ಮೇಲೆ ನಿಂತು, ನನ್ನ ಮುಖ ಒಮ್ಮೆ ನೋಡಿ, ಹೆಜ್ಜೆ ಹಾಕಿದಳು. ಮೂರನೆಯ ಸುತ್ತಿಗೆ ಠಕ್ ಠಕ್! ನಿಂತು ಎಣಿಸಿದಳು. ತಿರುಗುವ ಅವಸರದಲ್ಲಿ ಒಂದು ಹೆಜ್ಜೆ ನುಂಗುತ್ತಿದ್ದದ್ದು ನಿಜ. ಮತ್ತೆ ಮಾಡಿದಳು. ಕೆಳಗೆ ಮೌನ. ಅವಳು ನೆಲಕ್ಕೆ ಬಾಗಿ "ಥ್ಯಾಂಕ್ಸ್ ತಾತಾ" ಎಂದು ಕೂಗಿದ ರಭಸಕ್ಕೆ ಬೀದಿಯವರೆಲ್ಲ ಎದ್ದಿರಬೇಕು. ನಾನು ತಡೆಯಲಿಲ್ಲ. ಶನಿವಾರ ಟೀಚರು ಅವಳ ಕಾಲು ನೋಡಿ ಏನೂ ಹೇಳಲಿಲ್ಲವಂತೆ. ಅವರ ಮಟ್ಟಿಗೆ ಅದು ಹೊಗಳಿಕೆ.

ಉಳಿದ ವಾರಗಳು ಕೋಠಿಯ ಅಂಗಡಿಗಳಲ್ಲಿ ಕಳೆದವು. ಒಂಬತ್ತು ವರ್ಷದ ಹುಡುಗಿಗೆ ಇಷ್ಟು ಒಡವೆ ಬೇಕೆಂದು ನನಗೆ ತಿಳಿದಿರಲಿಲ್ಲ. ಸ್ಪರ್ಧೆಯ ಬೆಳಿಗ್ಗೆ ಶೋಭಾ ಅವಳಿಗೆ ಸೊಂಟದವರೆಗಿನ ಕಟ್ಟುಜಡೆ ಹೆಣೆದಳು. ಪಿನ್ನುಗಳನ್ನು ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು. ಎರಡನ್ನು ನನ್ನ ಬೆರಳಿಗೇ ಚುಚ್ಚಿಕೊಂಡೆ.

ಸತ್ತಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೇಟಿನಲ್ಲಿ ಕಾದಿದ್ದರು. ಆಟೋದಲ್ಲಿ ನಾಲ್ವರೂ ಒತ್ತಿಕೊಂಡು ಹೋದೆವು. ಸಭಾಂಗಣದಲ್ಲಿ ಮೈತ್ರಿಯ ಹೆಸರು ಕರೆದಾಗ ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕುಳಿತರು. ನನಗೆ ಗಾಬರಿ. ಮೊಣಕೈಯಿಂದ ತಿವಿದು, "ನೋಡ್ರಿ" ಎಂದೆ. ಕಣ್ಣು ತೆರೆದರು. ಮತ್ತೆ ಮುಚ್ಚಲಿಲ್ಲ. ಬಾಯಿಯೂ ತೆರೆದೇ ಉಳಿಯಿತು.

ಮುಗಿದ ಮೇಲೆ ನನ್ನ ಕೈ ಹಿಡಿದು ಹೇಳಿದರು, "ಕೈ, ಕಣ್ಣು, ಕುತ್ತಿಗಿ... ನಾ ಬರೇ ಕಾಲು ಅಂದ್ಕೊಂಡಿದ್ದೆ ಸಾರ್. ಮ್ಯಾಲ ಇಷ್ಟೆಲ್ಲ ನಡದಿತ್ತಾ?"

ಮೂರನೆಯ ಬಹುಮಾನ ಬಂತು. ಒಂದು ಸಣ್ಣ ಕಪ್, ಅದರ ಹಿಡಿಕೆ ಆಗಲೇ ಅಲ್ಲಾಡುತ್ತಿತ್ತು. ನನಗೆ ಅದು ಧಾರಾಳವಾಗಿ ಸಾಕಾಗಿತ್ತು. ಮರಳುವಾಗ ಆಟೋದಲ್ಲಿ ಮೈತ್ರಿ, ಕಾಡಿಗೆ ಕದಡಿದ ಕಣ್ಣುಗಳಿಂದ ಅವರನ್ನು ನೋಡುತ್ತ ಕೇಳಿದಳು, "ತಾತಾ, ನಾ ಎಲ್ಲಿ ತಪ್ಪಿದೆ ಹೇಳು."

ಸತ್ತಯ್ಯನವರು ಮೊಣಕಾಲ ಮೇಲೆ ಬೆರಳು ಬಡಿದು ನೋಡಿದರು, ಬಿಟ್ಟರು. ಆ ಗಂಟುಹುಬ್ಬು ಸಡಿಲಾದದ್ದನ್ನು ನಾನು ಕಂಡದ್ದು ಅಂದೇ. "ಎಣಿಸೂದು ಮರತೇಬಿಟ್ಟೆ ಅಮ್ಮಾ" ಎಂದರು.

"ಹಂಗಾದ್ರ ನಾನೂ ಹೇಳಂಗಿಲ್ಲ" ಎಂದು ಮೈತ್ರಿ ಅವರ ಭುಜಕ್ಕೆ ಒರಗಿದಳು. ಮೆಟ್ಟುಗುಡ ದಾಟುವುದರೊಳಗೆ ಇಬ್ಬರೂ ನಿದ್ದೆ ಹೋಗಿದ್ದರು. ಅವಳು ಎಲ್ಲೋ ತಪ್ಪಿದ್ದಳು ಎನ್ನುವುದು ನನಗೆ ತಿಳಿದದ್ದೇ ಅವಳ ಆ ಮಾತಿನಿಂದ.