ನೀರು ಬೇಡಿದ ಬೈಬಲ್ ಅಮ್ಮ

ಕಂಪ್ಲಿಯ ನಮ್ಮ ಓಣಿಗೆ, ಮನೆಮನೆಗೆ ಯೇಸುವಿನ ಕಥೆ ಹೇಳುವ ಮಿಷನ್ನಿನ ಬೈಬಲ್ ಅಮ್ಮ ಬರುತ್ತಿದ್ದರು. ಕೆಳಕೇರಿಯಲ್ಲಿ ಹುಟ್ಟಿ ಕ್ರೈಸ್ತರಾದವರು, ಆದರೂ ನಮ್ಮ ಬಾವಿಯನ್ನು ಮುಟ್ಟುವಂತಿರಲಿಲ್ಲ.

ನನ್ನ ಕೂಸು ತೀರಿಹೋದ ವಾರ, ಬದುಕೇ ಬೇಡವೆಂದು ಆ ಬಾವಿಕಟ್ಟೆ ಹತ್ತಿದ್ದೆ. ಅವರು ನೋಡಿದರು. ಕೂಗಲಿಲ್ಲ, ಪಾಪವೆನ್ನಲಿಲ್ಲ. ದೂರದಲ್ಲೇ ಕೂತು ಬೊಗಸೆಯೊಡ್ಡಿದರು.

"ಎವ್ವಾ, ಭಾಳ ನೀರಡಿಕಿ ಆಗೇತ್ರಿ. ನೀವು ಸೇದಿ ಹಾಕಿದ್ರಷ್ಟ ನನಗ ನೀರು. ನಮ್ಮ ಯೇಸುಸ್ವಾಮಿನೂ ಬಾವಿ ಹತ್ರ ಕುಂತು ಒಬ್ಬಾಕಿಗೆ ಹಿಂಗ ಕೇಳಿದ್ದರಿ."

ಕಟ್ಟೆಯಿಂದ ಇಳಿದು, ಸೇದಿ ಹಾಕಿದೆ. ಕುಡಿದು ಎದ್ದರು.

"ನಾಳಿಗೂ ಬರ್ತೀನ್ರಿ, ನೀವ ಹಾಕಬೇಕು."

ಬೇಸಿಗೆ ಹೋಗಿ ಮಳೆ ಹಿಡಿದರೂ ದಿನಾ ಬಂದರು, ದಿನಾ ಅದೇ ಮಾತು. ಅವರ ಬೊಗಸೆಗಾಗಿ ನಾನು ಬೆಳಗನ್ನು ಕಾಯತೊಡಗಿದೆ.

ಎಷ್ಟೋ ವರ್ಷಗಳ ಮೇಲೆ, ಅವರನ್ನು ಮಣ್ಣು ಮಾಡಿದ ದಿನ, ಅವರ ಮನೆಗೆ ಮೊದಲ ಸಲ ಹೋದೆ. ಅಂಗಳದಲ್ಲೇ ನೀರು ತುಂಬಿದ ಹಳೆಯ ಬಾವಿಯಿತ್ತು.