ಗುಂಡಿ ಒತ್ತುವ ಸ್ಟವ್

ಇಡೀ ಬೀದಿಗೆ ಆತ ‘ಟೇಪು ಮಾವ’. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಈ ದರ್ಜಿಯನ್ನು ಕಂಡವರಿಲ್ಲ. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಜಡಿದು, ಹೆಂಡತಿಯ ಅಣ್ಣನಾದ ಪೋಸ್ಟ್‌ಮ್ಯಾನ್ ಜೊತೆ ಪುಟ್ಟ ದೋಣಿಯಲ್ಲಿ ಎರಡು ದಿನ ಹೊಳೆ ಸುತ್ತಲು ಹೊರಡುತ್ತಾನೆ. ಒಬ್ಬರಿಗೊಬ್ಬರು ಭಾವ. ಹುಟ್ಟು ಹಾಕುವುದು ಇಬ್ಬರೂ. ದಡದಲ್ಲಿ ಸ್ಟವ್ ಹಚ್ಚಿ ಚಹಾ ಕಾಯಿಸುವುದು ಮಾತ್ರ ಟೇಪು ಮಾವನ ಹಕ್ಕು. ಪೋಸ್ಟ್‌ಮ್ಯಾನ್ ಮಾಡುವ ಚಹಾಕ್ಕಿಂತ ಪಾತ್ರೆ ತೊಳೆದ ನೀರು ವಾಸಿ.

ಈ ಸಲ ಹಳೆಯ ಸೀಮೆಎಣ್ಣೆ ಸ್ಟವ್ ಸೋರತೊಡಗಿತ್ತು. ಹೊಸದು ಕೊಳ್ಳಲು ಇಬ್ಬರೂ ಪಾತ್ರೆ ಅಂಗಡಿಗೆ ಬಂದಿದ್ದರು. ನಾಲ್ಕು ತಿಂಗಳಿಂದ ಟೇಪು ಮಾವನ ಬಲಗೈ ನಡುಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಗೊತ್ತಾಗಿ ಭಾವ ದೋಣಿಗೆ ಬೇರೆ ಜೊತೆಗಾರನನ್ನು ನೋಡಿಕೊಂಡರೆ?

ಅಂಗಡಿಯಾಕೆ ಮೂರು ಸ್ಟವ್ ತಂದಿಟ್ಟಳು. ಟೇಪು ಮಾವ ಕೊರಳಿನ ಟೇಪು ಇಳಿಸಿ ಸ್ಟವ್‌ಗಳ ಕಾಲುಗಳ ನಡುವಿನ ಅಗಲ ಅಳೆದ.

“ಇದರ ಸೊಂಟ ಸಣ್ಣ. ಮರಳಲ್ಲಿ ಪಾತ್ರೆ ಸಮೇತ ಮಗುಚತ್ತೆ,” ಎಂದು ಒಂದನ್ನು ಆಚೆ ತಳ್ಳಿದ. ಉಳಿದವು ಒಂದು ಪಂಪಿನದು, ಒಂದು ಗ್ಯಾಸ್ ಡಬ್ಬಿಯದು.

“ಪಂಪಿನದು ಗಟ್ಟಿ. ಯಾವತ್ತೂ ಕೈಕೊಡಲ್ಲ. ಹಚ್ಚಿ ನೋಡಿ,” ಎಂದು ಆಕೆ ಬೆಂಕಿಪೊಟ್ಟಣ ಚಾಚಿದಳು.

ಟೇಪು ಮಾವ ಗೀರಿದ ಮೊದಲ ಕಡ್ಡಿ ಮುರಿಯಿತು. ಎರಡನೆಯದು ಕೆಳಗೆ ಬಿತ್ತು. ಮೂರನೆಯದು ಪೊಟ್ಟಣಕ್ಕೆ ತಾಗಲೇ ಇಲ್ಲ.

“ಸ್ಟವ್ ಕೈಕೊಡಲ್ವಂತೆ ಭಾವ.” ಟೇಪು ಮಾವ ನಗಲು ನೋಡಿದ, ಆಗಲಿಲ್ಲ. “ನನ್ನ ಕೈಯೇ ಕೈಕೊಟ್ಟಿದೆ. ಈ ಸಲ ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ.”

ಪೋಸ್ಟ್‌ಮ್ಯಾನ್ ಒರಟು ಮನುಷ್ಯ. ಮುದ್ದಿನ ಮಾತು ಅವನ ಬಾಯಿಗೆ ಬರುವುದಿಲ್ಲ. ತನ್ನ ಅಂಗಿಯನ್ನು ಎಳೆದು ತೋರಿಸಿದ. ಎರಡು ತಿಂಗಳ ಹಿಂದೆ ಟೇಪು ಮಾವನೇ ಹೊಲಿದದ್ದು. ಗುಂಡಿಗಳೆಲ್ಲ ಸೊಟ್ಟ, ಒಂದಂತೂ ಕಾಜದ ತೂತಿನಿಂದ ಬೆರಳಗಲ ದೂರ.

“ಇದನ್ನ ಹಾಕ್ಕೊಂಡು ಊರೆಲ್ಲ ಕಾಗದ ಹಂಚಿದೀನಿ. ನಿಮ್ಮ ಕೈ ವಿಷಯ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಬೇಜಾರು ಮಾಡ್ಕೋತಿದ್ರಿ.” ಗ್ಯಾಸ್ ಸ್ಟವ್ ಮುಂದೆ ಸರಿಸಿದ. “ಇದಕ್ಕೆ ಕಡ್ಡಿ ಬೇಡ, ಗುಂಡಿ ಒತ್ತಿದ್ರೆ ಸಾಕು. ಗುಂಡಿ ಕೆಲಸ ಅಂದ್ಮೇಲೆ ನಿಮ್ದೇ.”

ಅಂಗಡಿಯಾಕೆ ಗ್ಯಾಸ್‌ನ ತಿರುಪು ತಿರುಗಿಸಿದಳು. ಟೇಪು ಮಾವನ ಹೆಬ್ಬೆರಳು ಒಮ್ಮೆ ಜಾರಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಮತ್ತೆ ಒತ್ತಿದ. ಟಕ್ಕೆಂದು ನೀಲಿ ಉರಿ ಎದ್ದಿತು. ಅವನ ಕಣ್ಣು ತುಂಬಿ ಬಂತು.

“ಇದನ್ನೇ ಕಟ್ಟಿಕೊಡಿ,” ಎಂದ ಆಕೆಗೆ. ಆಮೇಲೆ ಭಾವನ ಕಡೆ ತಿರುಗಿ, “ಆ ಅಂಗಿ ಕೊಡಿ ಇತ್ಲಾಗೆ, ಬೇರೆಯವರ ಕೈಲಿ ಸರಿ ಮಾಡಿಸ್ತೀನಿ.”

“ಕೊಡಲ್ಲ. ದೋಣಿಗೆ ಇದನ್ನೇ ಹಾಕ್ಕೊಂಡು ಬರೋದು,” ಎಂದ ಪೋಸ್ಟ್‌ಮ್ಯಾನ್.