ಮೂರು ಕಿಲೋ ಮರಳು

ವೀಬ್ಕೆ ಹಿನ್ರಿಕ್ಸ್ ನಮ್ಮ ಊರಿನ ಔಷಧಿ ಅಂಗಡಿಯಾಕೆ. ಅಳತೆಯ ಹೆಂಗಸು. ಪುಡಿ ಗುಲಗಂಜಿಯಷ್ಟು ಹೆಚ್ಚಾದರೂ ಮತ್ತೆ ಮೊದಲಿಂದ ತೂಗುತ್ತಾಳೆ, ಹಿಂದೆ ನಿಂತ ಸಾಲು ಚರ್ಚಿನ ಬಾಗಿಲು ಮುಟ್ಟಿದರೂ ಸರಿ.

ಹನ್ನೆರಡನೆಯ ವಯಸ್ಸಿನಲ್ಲಿ ಅವಳ ಅಮ್ಮ ಅವಳನ್ನು ವೇಸರ್ ನದಿ ದಂಡೆಯ ನಮ್ಮ ದೋಣಿ ಕ್ಲಬ್ಬಿಗೆ ತಂದು ಬಿಟ್ಟದ್ದು ಇವಳ ಕೈಗೆ ಸಿಕ್ಕಿ ಒಡೆಯದೆ ಮನೆಯ ಪಿಂಗಾಣಿ ಪಾತ್ರೆಗಳಾದರೂ ಉಳಿಯಲಿ ಎಂದು. ಮೊದಲ ದಿನವೇ ಒಂದು ಪಕ್ಕದ ಹುಟ್ಟನ್ನು ಎಷ್ಟು ಜೋರಾಗಿ ಎಳೆದಳೆಂದರೆ ದೋಣಿ ಗಿರಕಿ ಹೊಡೆದು ಜೊಂಡಿನೊಳಗೆ ನುಗ್ಗಿ ಹಂಸದ ಗೂಡಿಗೆ ಮುಟ್ಟಿತು. ಹಂಸ ಅಟ್ಟಿಸಿಕೊಂಡು ಬಂದಾಗ ಹುಡುಗಿ ಅದಕ್ಕಿಂತ ವೇಗವಾಗಿ ಹುಟ್ಟು ಹಾಕಿದಳಂತೆ. ತರಬೇತುದಾರರು ಆಗಲೇ ಅವಳ ಹೆಸರು ಬರೆದುಕೊಂಡರು.

ನಾನು ಅಲ್ಮುಟ್. ಅವಳ ನಾಲ್ವರ ದೋಣಿಯ ಚುಕ್ಕಾಣಿ ಹಿಡಿಯುವವಳು. ಹುಟ್ಟು ಹಾಕುವವರೆಲ್ಲ ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ಕೂರುತ್ತಾರೆ, ದಾರಿ ಕಾಣುವುದು ನನಗೊಬ್ಬಳಿಗೇ. ಆದರೂ ದಾರಿ ಹೇಗಿದೆ ಎಂದು ನನಗೆ ಹೇಳಿಕೊಡುವವಳು ಅವಳೇ.

ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾವು ಐದು ಸಲ ನಾಲ್ಕನೆಯವರಾದೆವು. ನಾಲ್ಕನೆಯವರಿಗೆ ಮರದ ಪದಕ ಬಂತು ಎಂದು ನಮ್ಮವರು ಗೇಲಿ ಮಾಡುತ್ತಾರೆ. ಅಂಥ ಪದಕವೇನೂ ಇಲ್ಲ. "ನಿಜವಾಗ್ಲೂ ಮರದ್ದು ಕೊಟ್ಟಿದ್ರೆ ಒಲೆಗಾದ್ರೂ ಆಗ್ತಿತ್ತು," ಎಂದು ಅವಳ ಅಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ಮೂರಕ್ಕೇರಲಿಲ್ಲ, ಆರಕ್ಕಿಳಿಯಲಿಲ್ಲ, ಅದು ನಮ್ಮ ವೀಬ್ಕೆಯ ಬಾಳು.

ಆರನೆಯ ಸಲ ಹೊರಟಾಗ ಅವಳಿಗೆ ಮೂವತ್ತೆಂಟು, ಸೊಂಟ ಕೈಕೊಟ್ಟಿತ್ತು. "ಇದೇ ಕೊನೆ ಕಣೇ," ಎಂದಳು. "ಒಂದು ಸಲ ಮೂರನೆಯವಳಾಗ್ಬೇಕು. ಅಷ್ಟೇ. ಚಿನ್ನಗಿನ್ನ ಯಾರಾದ್ರೂ ತಗೊಂಡು ಹೋಗ್ಲಿ."

ಈಗ ಮರಳಿನ ವಿಷಯ. ಚುಕ್ಕಾಣಿಯವರು ಇಷ್ಟು ತೂಕ ಇರಲೇಬೇಕೆಂದು ನಿಯಮ. ನಾನು ಮೂರು ಕಿಲೋ ಕಡಿಮೆ. ಆ ಕೊರತೆ ತುಂಬಲು ಮರಳಿನ ಚೀಲವೊಂದನ್ನು ದೋಣಿಯಲ್ಲಿ ಇಟ್ಟುಕೊಳ್ಳಬೇಕು. ಅದನ್ನು ತುಂಬಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ, ಬಾಯಿ ಹೊಲಿದವಳೂ ವೀಬ್ಕೆಯೇ.

ಸ್ಪರ್ಧೆಯ ದಿನ ಬೆಳಿಗ್ಗೆ ಕೆರೆಯ ದಡದಲ್ಲಿ ನನ್ನನ್ನೂ ಚೀಲವನ್ನೂ ತೂಗಿ ಅಧಿಕಾರಿಗಳು ಮುದ್ರೆ ಒತ್ತಿದರು. ಚೀಲ ಹೊತ್ತು ದೋಣಿಯ ಕಡೆ ಹೊರಟೆವು. ನಮ್ಮ ಕ್ಲಬ್ಬಿನವರು ಎಲ್ಲಿಗೆ ಹೋದರೂ ಕೇಕಿನ ಮೇಜು ಹಾಕದೆ ಬಿಡುವವರಲ್ಲ. ಕೆರೆಯ ಗಾಳಿಗೆ ಮೇಜಿನ ಬಟ್ಟೆ ಮೇಲೆದ್ದು, ವೀಬ್ಕೆ ರಾತ್ರಿಯೆಲ್ಲ ಕೂತು ಮಾಡಿದ್ದ ಪ್ಲಮ್ ಕೇಕಿನ ತಟ್ಟೆ ಅಂಚಿಗೆ ಜಾರುತ್ತಿತ್ತು.

"ಕೊಡೇ ಇಲ್ಲಿ!" ಎಂದು ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಬಟ್ಟೆಯ ಮೇಲೆ ಧೊಪ್ಪನೆ ಇಟ್ಟಳು. "ಎರಡೇ ನಿಮಿಷ. ಬೇರೆ ಏನಾದ್ರೂ ಭಾರದ್ದು ಹುಡುಕು."

ಅಷ್ಟರಲ್ಲಿ ನಮ್ಮ ದೋಣಿಯನ್ನು ಕರೆದರು. ಓಡಿದೆವು. ನನಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ.

ಆ ದಿನ ದೋಣಿ ಹಾರಿತು. ಯಾಕೆ ಹಾರಿತೆಂದು ನಾನು ಯೋಚಿಸಬೇಕಿತ್ತು. ಯೋಚಿಸದೆ ಗಂಟಲು ಹರಿಯುವಂತೆ ಕಿರುಚುತ್ತಿದ್ದೆ. ನಾಲ್ಕನೆಯ ದೋಣಿಗಿಂತ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಮುಂದೆ, ನಾವು ಮೂರನೆಯವರು! ವೀಬ್ಕೆ ಹುಟ್ಟು ಬಿಟ್ಟು ನನ್ನ ಎರಡು ಕಿವಿಯನ್ನೂ ಹಿಡಿದು ಮುತ್ತು ಕೊಟ್ಟಳು. ಹಾಗೆ ಯಾವತ್ತೂ ಮಾಡಿದವಳಲ್ಲ.

ದಡದಲ್ಲಿ ಅಧಿಕಾರಿ ಕೈ ಚಾಚಿ ನಿಂತಿದ್ದರು. "ಚೀಲ ಕೊಡಿ, ನೋಡ್ಬೇಕು."

"ನಾನು ಮರೆತೆ. ತಪ್ಪು ನಂದು," ಎಂದೆ.

"ಅವಳದ್ದಲ್ಲ, ನಂದು," ಎಂದಳು ವೀಬ್ಕೆ. "ಕೇಕಿನ ಮೇಲೆ ಇಟ್ಟಿದ್ದೀನಿ."

"ಕೇಕಿನ ಮೇಲಾ?"

"ಮೇಲಲ್ಲ, ಪಕ್ಕದಲ್ಲಿ. ಕೇಕ್ ಚೆನ್ನಾಗೇ ಇದೆ."

ಆ ಮನುಷ್ಯ ನಗಲೂ ಆಗದೆ ಬಿಡಲೂ ಆಗದೆ ನಮ್ಮ ಹೆಸರಿನ ಮೇಲೆ ಗೀಟು ಎಳೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಲ್ಕನೆಯವರು ಕಂಚು ಹಾಕಿಕೊಂಡು ಕುಣಿದರು. ನಮಗೆ ಮರದ ಪದಕವೂ ಇಲ್ಲದಂತಾಯಿತು. ವೀಬ್ಕೆ ಮೇಜಿನ ಹತ್ತಿರ ಹೋಗಿ ಚೀಲವನ್ನು ಎತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಟ್ಟೆ ಹಾರಿತು, ಕೇಕು ಹುಲ್ಲಿಗೆ ಬಿತ್ತು. ಅವಳು ತಿರುಗಿಯೂ ನೋಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಸೋಮವಾರ ಸಂಜೆ ಅಂಗಡಿ ಮುಚ್ಚಿ ನಮ್ಮನ್ನೆಲ್ಲ ನದಿಗೆ ಕರೆಸಿದಳು. "ಒಂದು ಸಲ ಚೀಲ ಇಲ್ದೆ, ಒಂದು ಸಲ ಚೀಲ ಇಟ್ಕೊಂಡು. ಅಲ್ಮುಟ್, ನೀನು ಸಮಯ ನೋಡು. ಮೂರು ಕಿಲೋ ನಮ್ಮನ್ನ ಎಷ್ಟು ಹಿಂದಕ್ಕೆ ಎಳೆಯುತ್ತೆ ಗೊತ್ತಾಗ್ಬೇಕು. ಹತ್ತರಲ್ಲಿ ನಾಲ್ಕಕ್ಕಿಂತ ಕಡಿಮೆ ಆದ್ರೆ ನಾವು ನಿಜವಾಗ್ಲೂ ಮೂರನೆಯವ್ರು."

"ಪದಕ ಹೋಯ್ತಲ್ಲೇ ಮಾರಾಯ್ತಿ!"

"ಪದಕ ಯಾರು ಕೇಳಿದ್ರು? ನಂಗೆ ಗೊತ್ತಾಗ್ಬೇಕು."

ಎರಡು ಸಲ ಹೋದೆವು. ಚೀಲವಿದ್ದಾಗ ಪೂರ್ತಿ ಎರಡು ಸೆಕೆಂಡು ಹಿಂದೆ ಬಿದ್ದಿದ್ದೆವು. ನಾನು ಗಡಿಯಾರ ನೋಡಿದೆ, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ಅವಳನ್ನು ನೋಡಿದೆ.

"ಹತ್ತರಲ್ಲಿ ಮೂರು," ಎಂದೆ.

"ತೋರ್ಸು."

"ಅಯ್ಯೋ, ಸೊನ್ನೆ ಒತ್ತಿಬಿಟ್ಟೆ, ಅಳಿಸಿಹೋಯ್ತು."

ಅವಳು ನೇರ ದೋಣಿಮನೆಗೆ ಹೋಗಿ, ನಾವು ಪ್ರತಿ ಸಲ ನದಿಗಿಳಿದದ್ದನ್ನು ಬರೆದಿಡುವ ದಪ್ಪ ಪುಸ್ತಕ ತೆರೆದಳು. ಆ ಪುಸ್ತಕದಲ್ಲಿ ಬರೆದದ್ದನ್ನು ನಮ್ಮ ಕ್ಲಬ್ಬಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ. "ಚೀಲದ ವ್ಯತ್ಯಾಸ ಹತ್ತರಲ್ಲಿ ಮೂರು. ಆದ್ದರಿಂದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ," ಎಂದು ದುಂಡಗೆ ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

"ಸಹಿ ಹಾಕು. ಅಳತೆ ಮಾಡಿದವರೇ ಹಾಕ್ಬೇಕು."

ಹಾಕಿದೆ.

"ಎರಡನೇ ಸಲ ಎಲ್ರೂ ಸುಸ್ತಾಗಿದ್ವಿ ಅಲ್ಮುಟ್, ಅದರಿಂದ ಏನೂ ಗೊತ್ತಾಗಲ್ಲ," ಎಂದಳು, ಶಾಯಿಗೆ ಉಫ್ ಎಂದು ಊದುತ್ತ. "ನೀನು ನಂಗೋಸ್ಕರ ಎಷ್ಟು ಹೇಳ್ತೀಯ ಅಂತ ನೋಡ್ಬೇಕಿತ್ತು, ಅಷ್ಟೇ."

ಪುಸ್ತಕ ಮುಚ್ಚಿ ಬೀಗ ಹಾಕಿದಳು. ಇಬ್ಬರೂ ಮನೆಯ ಕಡೆ ನಡೆದೆವು.